ಹಾರ ಬಿದ್ದದ್ದು ಧಣಿಯ ಕೊರಳಿಗೆ

ವಾಡಿಯಲ್ಲಿ ರೈಲು ಹತ್ತಿ ಚಿತ್ತಾಪುರ, ಸೇಡಂ, ತಾಂಡೂರು, ವಿಕಾರಾಬಾದ್ ದಾಟಿ ಲಿಂಗಂಪಲ್ಲಿ ಮುಟ್ಟಿದರೆ ಹೈದರಾಬಾದು ಬಂದಂತೆಯೇ. ಇನ್ನೊಂದಿಷ್ಟು ಮುಂದೆ ಹೋದರೆ ಹಳಿಯ ಪಕ್ಕದಲ್ಲೇ ಸನತ್‌ನಗರ. ಒಂದು ಮಗ್ಗುಲಿಗೆ ಬಾಲಾನಗರ, ಫತೇನಗರ, ಇನ್ನೊಂದು ಮಗ್ಗುಲಿಗೆ ಎರ್ರಗಡ್ಡ. ನಡುವೆ ಶೆಡ್ಡುಗಳು, ಗೋದಾಮುಗಳು, ಕಾರ್ಮಿಕರಿಗೆಂದೇ ಇರುವ ಇಎಸ್‌ಐ ಆಸ್ಪತ್ರೆ. ಫ್ರಿಜ್, ಕೈಗಡಿಯಾರ, ಬಸ್ಸಿನ ಬಾಡಿ ಎಲ್ಲವನ್ನೂ ಮಾಡುತ್ತಿದ್ದ ಹೈದರಾಬಾದ್ ಆಲ್ವಿನ್ ಕಂಪನಿ ಇದ್ದದ್ದೂ ಇಲ್ಲೇ. ಆಲ್ವಿನ್ ಹೋಯಿತು, ಕೂಲಿ ಹುಡುಕಿ ಬರುವವರ ಸಾಲು ಮಾತ್ರ ನಿಲ್ಲಲಿಲ್ಲ.

ಕಲಬುರಗಿ, ಯಾದಗಿರಿ, ಬೀದರ್, ರಾಯಚೂರು ಕಡೆಯವರಿಗೆ ಹೈದರಾಬಾದು ಪರಸ್ಥಳವಲ್ಲ. 1956ರ ನವೆಂಬರ್ 1ರವರೆಗೆ ಅದೇ ಅವರ ರಾಜಧಾನಿ. ಹೊಲದ ಕೆಲಸ ಮುಗಿದ ಮೇಲೆ ಗುಳೆ ಹೊರಡುವವರಲ್ಲಿ ಬಹಳ ಮಂದಿ ಇವತ್ತಿಗೂ ಇದೇ ದಾರಿ ಹಿಡಿಯುತ್ತಾರೆ. ಗೌಂಡಿ ಕೆಲಸ, ಸೆಂಟ್ರಿಂಗ್ ಕೆಲಸ, ಮಣ್ಣು ಹೊರುವುದು, ಸಿಕ್ಕಿದ್ದಕ್ಕೆ ಒಗ್ಗಿಕೊಳ್ಳುತ್ತಾರೆ. ಬೆಳಗಿನ ಹೊತ್ತು ಅಡ್ಡಾದಲ್ಲಿ ಮೇಸ್ತ್ರಿಗೆ ಕಾದು ನಿಂತವರ ಮಧ್ಯೆ ಕಲಬುರಗಿ ಕನ್ನಡ ಕಿವಿಗೆ ಬಿದ್ದರೆ ಯಾರೂ ಹುಬ್ಬೇರಿಸುವುದಿಲ್ಲ. ಗುಳೆ ಹೊರಟವರ ಜೊತೆ ಮಕ್ಕಳೂ ಹೊರಡುತ್ತಾರೆ. ಚಿಕ್ಕವರು ತಮ್ಮ ತಂಗಿಯರನ್ನು ಆಡಿಸಿಕೊಂಡು ಮರಳ ಗುಡ್ಡೆಯ ಮೇಲೆ ಕೂರುತ್ತಾರೆ. ಹನ್ನೆರಡು ಹದಿಮೂರು ದಾಟಿದವರು ತಾವೇ ಕೂಲಿಯಾಗುತ್ತಾರೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಗೈರು ಬೀಳುತ್ತಾ ಹೋಗಿ, ಒಂದು ದಿನ ಹೆಸರೇ ಹೋಗುತ್ತದೆ.

ಇಂಥ ಬಡಾವಣೆಯಲ್ಲಿ ಸನ್ಮಾನಗಳಿಗೇನೂ ಬರವಿಲ್ಲ. ಗಲ್ಲಿಗೊಂದು ಫ್ಲೆಕ್ಸು, ಅದರ ತುಂಬ ನಾಯಕರ ಮುಖ, ಕೆಳಗೆ ಅಂಚೆಚೀಟಿ ಗಾತ್ರದಲ್ಲಿ ಅಭಿಮಾನಿಗಳ ಮುಖ. ಗಣೇಶನ ಪೆಂಡಾಲಿರಲಿ, ಬೋನಾಲು ಹಬ್ಬವಿರಲಿ, ವೇದಿಕೆ ಸಿಕ್ಕಿದರೆ ಯಾರಿಗಾದರೂ ಶಾಲು ಬಿತ್ತೆಂದೇ ಲೆಕ್ಕ. ಈ ವಿಷಯದಲ್ಲಿ ನಾವೇನು ಕಡಿಮೆ ಎನ್ನುವಂತಿಲ್ಲ. ಮೈಸೂರು ಪೇಟ, ಗಂಧದ ಹಾರ, ಹಣ್ಣಿನ ಬುಟ್ಟಿ, ಗಾಜಿನ ಪೆಟ್ಟಿಗೆಯೊಳಗಿನ ನೆನಪಿನ ಕಾಣಿಕೆ ಎಲ್ಲ ಸೇರಿ ನಮ್ಮಲ್ಲಿ ಸನ್ಮಾನಕ್ಕೊಂದು ಸಿದ್ಧ ಕಿಟ್ಟೇ ಇದೆ. ಒಬ್ಬರ ಬೀರುವಿನಿಂದ ಇನ್ನೊಬ್ಬರ ಹೆಗಲಿಗೆ ಓಡಾಡುವ ಶಾಲುಗಳ ಬಗ್ಗೆ ನಗೆಹನಿಗಳು ಹುಟ್ಟಿದ್ದೂ ಸುಮ್ಮನಲ್ಲ. ದಿಕ್ಕಿಲ್ಲದ ಮಕ್ಕಳ ಪರವಾಗಿ ನಿಂತವರನ್ನು ಗೌರವಿಸಬೇಕು ಎಂದಾಗಲೂ ನಮಗೆ ಮೊದಲು ಹೊಳೆಯುವುದು ಈ ಕಿಟ್ಟೇ. ಆದರೆ ಇದೇ ಹೈದರಾಬಾದಿನ ಸುತ್ತಲ ಹಳ್ಳಿಗಳಲ್ಲಿ ಸುಮಾರು ಮೂವತ್ತೈದು ವರ್ಷದ ಹಿಂದೆ ಸನ್ಮಾನವನ್ನು ಬೇರೆಯದೇ ರೀತಿಯಲ್ಲಿ ಬಳಸಿದ ಒಬ್ಬರಿದ್ದಾರೆ. ಅವರು ಹಾರ ಹಾಕಿಸಿದ್ದು ಮಕ್ಕಳನ್ನು ಬಿಡಿಸಿದವರಿಗಲ್ಲ, ಇಟ್ಟುಕೊಂಡಿದ್ದವರಿಗೆ.

ಶಾಂತಾ ಸಿನ್ಹಾ ಹುಟ್ಟಿದ್ದು 1950ರಲ್ಲಿ, ನೆಲ್ಲೂರಿನಲ್ಲಿ. ಉಸ್ಮಾನಿಯಾದಲ್ಲಿ ರಾಜ್ಯಶಾಸ್ತ್ರದ ಎಂ.ಎ., ದೆಹಲಿಯ ಜೆಎನ್‌ಯುವಿನಲ್ಲಿ ಪಿಎಚ್.ಡಿ., ಆಮೇಲೆ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿ. ಪಾಠ ಹೇಳಿಕೊಂಡು ನೆಮ್ಮದಿಯಾಗಿ ಇರಬಹುದಿತ್ತು. ವಿಶ್ವವಿದ್ಯಾಲಯದ ಶ್ರಮಿಕ ವಿದ್ಯಾಪೀಠದ ಹೊಣೆ ಹೊತ್ತು ಹಳ್ಳಿಗಳಿಗೆ ಹೋದಾಗ ಅವರ ಕಣ್ಣಿಗೆ ಬಿದ್ದದ್ದು ಜೀತ. 1976ರ ಕಾನೂನು ಜೀತವನ್ನು ರದ್ದು ಮಾಡಿಯಾಗಿತ್ತು. ಕಾಗದದಲ್ಲಿ ರದ್ದಾದದ್ದು ಕೊಟ್ಟಿಗೆಯಲ್ಲಿ ರದ್ದಾಗಿರಲಿಲ್ಲ. ಜೀತದಾಳುಗಳನ್ನು ಬಿಡಿಸುತ್ತಾ ಹೋದಂತೆ ಅವರಲ್ಲಿ ಮಕ್ಕಳೂ ಇದ್ದಾರೆ ಎಂಬುದು ಗೊತ್ತಾಯಿತು. ಅಪ್ಪ ತಂದ ಮುಂಗಡಕ್ಕೆ ಮಗ ದನ ಕಾಯುತ್ತಿದ್ದ.

ಇತಿಹಾಸಕಾರರಾಗಿದ್ದ ತಾತ ಮಾಮಿಡಿಪೂಡಿ ವೆಂಕಟರಂಗಯ್ಯನವರ ಹೆಸರಿನಲ್ಲಿ 1981ರಲ್ಲಿ ಮನೆಯವರು ಕಟ್ಟಿದ್ದ ಒಂದು ಪ್ರತಿಷ್ಠಾನವಿತ್ತು. 1991ರಲ್ಲಿ ರಂಗಾರೆಡ್ಡಿ ಜಿಲ್ಲೆಯ ಕೆಲವೇ ಹಳ್ಳಿಗಳಲ್ಲಿ ಅದೇ ಪ್ರತಿಷ್ಠಾನ ಜೀತದ ಮಕ್ಕಳ ಕೆಲಸಕ್ಕೆ ಇಳಿಯಿತು. ಎಂವಿಎಫ್ ಎಂದೇ ಜನ ಕರೆಯುವ ಈ ಸಂಸ್ಥೆಯ ನಿಲುವಿನಲ್ಲಿ ರಾಜಿಗೆ ಎಡೆಯಿಲ್ಲ. ಶಾಲೆಯ ಹೊರಗಿರುವ ಪ್ರತಿ ಮಗುವೂ ಬಾಲಕಾರ್ಮಿಕನೇ, ಮಕ್ಕಳು ಮಾಡುವ ಎಲ್ಲ ದುಡಿಮೆಯೂ ಅಪಾಯಕಾರಿಯೇ, ಮಗು ಇರಬೇಕಾದದ್ದು ಹಗಲು ಹೊತ್ತಿನ ಪೂರ್ಣಾವಧಿ ಶಾಲೆಯಲ್ಲಿ. ಬಡತನ ಹೋಗುವವರೆಗೆ ಮಕ್ಕಳ ದುಡಿಮೆ ಹೋಗುವುದಿಲ್ಲ ಎಂದು ಪಂಡಿತರು, ಅಧಿಕಾರಿಗಳು ಒಂದೇ ರಾಗದಲ್ಲಿ ಹೇಳುತ್ತಿದ್ದ ಕಾಲ ಅದು. ಬಡ ತಂದೆತಾಯಿಗೆ ಮಕ್ಕಳನ್ನು ಓದಿಸುವ ಆಸೆ ಇದ್ದೇ ಇದೆ, ಅಡ್ಡ ಬರುವುದು ಶಾಲೆಯ ಬಾಗಿಲೇ ಎಂದು ಶಾಂತಾ ಸಿನ್ಹಾ ತಿರುಗಿ ನಿಂತರು.

ಶಾಲೆಯ ಬಾಗಿಲು ಅಡ್ಡ ಬರುವುದು ಹೇಗೆ ಎಂದು ಕೇಳಬಹುದು. ಹತ್ತು ವರ್ಷದ ಹುಡುಗನನ್ನು ಅಪ್ಪ ಶಾಲೆಗೆ ಕರೆತಂದ ಎನ್ನಿ. ಹೆಡ್‌ಮಾಸ್ಟರು ಹುಟ್ಟಿದ ದಿನಾಂಕದ ಪತ್ರ ಕೇಳುತ್ತಾರೆ, ಟಿ.ಸಿ. ಕೇಳುತ್ತಾರೆ, ಜೂನ್ ಮುಗಿಯಿತು ಬರುವ ವರ್ಷ ಬಾ ಎನ್ನುತ್ತಾರೆ. ವಯಸ್ಸು ಹತ್ತಾದರೂ ಅಕ್ಷರ ಬಾರದ ಕಾರಣಕ್ಕೆ ಒಂದನೇ ತರಗತಿಯ ಚಿಳ್ಳೆಪಿಳ್ಳೆಗಳ ನಡುವೆ ಕೂರಿಸುತ್ತಾರೆ. ಹುಡುಗನಿಗೆ ನಾಚಿಕೆ, ಅಪ್ಪನಿಗೆ ಒಂದು ದಿನದ ಕೂಲಿ ನಷ್ಟ. ಎರಡನೇ ಸಲ ಆ ಮನುಷ್ಯ ಶಾಲೆಯ ಕಡೆ ತಲೆ ಹಾಕುವುದಿಲ್ಲ. ಎಂವಿಎಫ್ ಮಾಡಿದ್ದು ಎರಡು ಕೆಲಸ. ತಿಂಗಳುಗಟ್ಟಲೆ ನಡೆಯುವ ವಸತಿ ಶಿಬಿರದಲ್ಲಿ ಮಗುವನ್ನು ಇಟ್ಟುಕೊಂಡು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರುವಷ್ಟು ಓದು ಬರಹ ಕಲಿಸುವುದು ಒಂದು. ಅದಕ್ಕೆ ಸೇತುಬಂಧ ಶಿಬಿರ ಎಂದು ಹೆಸರು. ನಮ್ಮ ರಾಜ್ಯದ ‘ಚಿನ್ನರ ಅಂಗಳ’ವನ್ನು ನೆನಪಿಟ್ಟಿರುವ ಮೇಷ್ಟ್ರುಗಳಿಗೆ ಇದು ಹೊಸದೆನಿಸದು. ಸೇರಿಸುವ ದಿನ ಊರಿನ ಸ್ವಯಂಸೇವಕನೊಬ್ಬ ಅಪ್ಪನ ಜೊತೆ ಹೆಡ್‌ಮಾಸ್ಟರ ಕೋಣೆಯವರೆಗೂ ಹೋಗುವುದು ಇನ್ನೊಂದು. ಎರಡನೆಯದು ಸಣ್ಣದಾಗಿ ಕಾಣುತ್ತದೆ. ನನ್ನ ಮಟ್ಟಿಗೆ ಶಿಬಿರಕ್ಕಿಂತ ದೊಡ್ಡ ಕೆಲಸ ಅದೇ.

ಇನ್ನು ಹಾರದ ವಿಷಯ. ಜೀತಕ್ಕಿಟ್ಟುಕೊಂಡವನಿಗೆ 1976ರ ಕಾನೂನು ಮೂರು ವರ್ಷದವರೆಗೆ ಜೈಲು ವಿಧಿಸುತ್ತದೆ. ಎಂವಿಎಫ್ ಧಣಿಗಳನ್ನು ಕಂಡಕಂಡಲ್ಲಿ ಪೊಲೀಸರಿಗೆ ಒಪ್ಪಿಸುತ್ತಾ ಹೋಗಬಹುದಿತ್ತು. ಹಾಗೆ ಮಾಡಿದ್ದರೆ ಊರು ಎರಡಾಗುತ್ತಿತ್ತು. ಹುಡುಗನ ಅಪ್ಪ ನಾಳೆ ಬೆಳಗ್ಗೆ ಕೂಲಿಗೆ ಹೋಗಬೇಕಾದದ್ದು ಅದೇ ಧಣಿಯ ಹೊಲಕ್ಕೆ. ಆದ್ದರಿಂದ ಅವರು ಮಾತಿನ ದಾರಿ ಹಿಡಿದರು. ಊರಿನ ಯುವಕರು, ಶಿಕ್ಷಕರು, ಪಂಚಾಯ್ತಿ ಸದಸ್ಯರು ಒಬ್ಬರ ಹಿಂದೆ ಒಬ್ಬರು ಧಣಿಯ ಮನೆಗೆ ಹೋಗಿ ಕೂತರು. ಮಗುವನ್ನು ಬಿಟ್ಟುಕೊಟ್ಟವನನ್ನು ಊರ ಸಭೆಗೆ ಕರೆದು ಹಾರ ಹಾಕಿದರು. ಮಗುವಿನ ದುಡಿಮೆ ಕಳೆದುಕೊಂಡೂ ಶಾಲೆಗೆ ಕಳಿಸಿದ ತಾಯಿ ತಂದೆಯರನ್ನು ಎಲ್ಲರ ಮುಂದೆ ಹೊಗಳಿದರು. ನಿನ್ನೆಯವರೆಗೆ ಮಕ್ಕಳನ್ನು ದುಡಿಸುತ್ತಿದ್ದ ಕೆಲವರು ಮುಂದೆ ಈ ಕೆಲಸಕ್ಕೇ ಕೈಜೋಡಿಸಿದ್ದುಂಟು.

ಇದು ಒಳ್ಳೆಯತನದ ಪ್ರದರ್ಶನವೆಂದು ಯಾರಾದರೂ ತಿಳಿದರೆ ಹಳ್ಳಿ ಅವರಿಗೆ ಗೊತ್ತಿಲ್ಲವೆಂದೇ ಅರ್ಥ. ಹಳ್ಳಿಯಲ್ಲಿ ಮರ್ಯಾದೆಗಿಂತ ಗಟ್ಟಿ ನಾಣ್ಯ ಇಲ್ಲ. ‘ಈ ಯಜಮಾನರು ಹುಡುಗನನ್ನು ಓದಲು ಬಿಟ್ಟರು’ ಎಂದು ಇಡೀ ಊರ ಮುಂದೆ ಹೇಳಿಸಿಕೊಂಡ ಮನುಷ್ಯ ಮರು ತಿಂಗಳು ಇನ್ನೊಬ್ಬ ಹುಡುಗನನ್ನು ಕೊಟ್ಟಿಗೆಗೆ ತಂದರೆ ಹೊಟೇಲಿನ ಮುಂದೆ ತಲೆ ಎತ್ತಿ ನಡೆಯುವುದು ಹೇಗೆ? ಆ ಹಾರ ಅವನಿಗೆ ಕೊಟ್ಟ ಬಹುಮಾನವಲ್ಲ, ಅವನ ಮೇಲೆ ಹೊರಿಸಿದ ಸಾಲ. ನಾವು ಕೊಡುವ ಶಾಲು ಮುಗಿದ ಕೆಲಸಕ್ಕೆ ಕೊಡುವ ರಸೀದಿ. ಎಂವಿಎಫ್ ಹಾಕಿದ ಹಾರ ಆಗಬೇಕಾದ ಕೆಲಸಕ್ಕೆ ಪಡೆದ ಮುಚ್ಚಳಿಕೆ. ನಾನು ಹೇಳಬೇಕೆಂದಿರುವುದು ಇಷ್ಟೇ: ಮಕ್ಕಳ ವಿಷಯದಲ್ಲಿ ಸನ್ಮಾನಕ್ಕೆ ಬೆಲೆ ಬರುವುದು ಅದು ಪಡೆದವರನ್ನು ಕಟ್ಟಿಹಾಕಿದಾಗ.

ಅನ್ಯಾಯದ ಮಾತೂ ಇದೆ. ವರ್ಷಾನುಗಟ್ಟಲೆ ಬಿಟ್ಟಿ ದುಡಿದ ಹುಡುಗನ ಎದುರೇ ಅವನನ್ನು ದುಡಿಸಿಕೊಂಡವನಿಗೆ ಹಾರ ಬಿದ್ದರೆ ಆ ಹುಡುಗನಿಗೆ ಏನನಿಸೀತು? ಅವನ ಕೂಲಿ ಬಾಕಿ ಕೇಳುವವರು ಯಾರು? ಈ ಪ್ರಶ್ನೆಗೆ ನನ್ನಲ್ಲಿ ನೆಟ್ಟಗಿನ ಉತ್ತರವಿಲ್ಲ. ಅವನು ಮರುದಿನ ಶಾಲೆಗೆ ಹೋದ, ಅವನ ಅಪ್ಪನಿಗೆ ಊರಲ್ಲಿ ಕೆಲಸ ತಪ್ಪಲಿಲ್ಲ ಎಂಬುದನ್ನಷ್ಟೇ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇಡಬಲ್ಲೆ.

2003ರಲ್ಲಿ ಶಾಂತಾ ಸಿನ್ಹಾ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬಂದದ್ದು ಸಮುದಾಯ ನಾಯಕತ್ವದ ವಿಭಾಗದಲ್ಲಿ. ಪ್ರಶಸ್ತಿಯ ಮಾತು ಗಮನಿಸಬೇಕಾದದ್ದು: ಮಕ್ಕಳ ದುಡಿಮೆಯ ಪಿಡುಗನ್ನು ಕೊನೆಗಾಣಿಸಿ ತಮ್ಮ ಎಲ್ಲ ಮಕ್ಕಳನ್ನೂ ಶಾಲೆಗೆ ಕಳಿಸುವಂತೆ ಆಂಧ್ರಪ್ರದೇಶದ ಜನಕ್ಕೆ ದಾರಿ ತೋರಿದ್ದಕ್ಕಾಗಿ ಎಂಬ ಅರ್ಥದಲ್ಲಿ ಅದು ಇದೆ. ಕೆಲಸ ಮಾಡಿದವರು ಜನ, ಇವರು ದಾರಿ ತೋರಿದವರು. ಪದ್ಮಶ್ರೀ ಅದಕ್ಕೂ ಮೊದಲೇ ಬಂದಿತ್ತು. 2007ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಹುಟ್ಟಿದಾಗ ಮೊದಲ ಅಧ್ಯಕ್ಷೆಯಾಗಿ ಎರಡು ಅವಧಿ ಕೆಲಸ ಮಾಡಿದರು.

ಹತ್ತಿ ಹೂವಿನ ಹುಡುಗಿಯರು

ಕೃಷ್ಣೆಗೂ ತುಂಗಭದ್ರೆಗೂ ನಡುವೆ ಗದ್ವಾಲ ಸೀಮೆ ಇದೆ. ಅಲ್ಲಿಯವರ ಬಾಯಲ್ಲಿ ಅದು ನಡಿಗಡ್ಡ. ಗಡಿ ದಾಟಿದರೆ ನಮ್ಮ ರಾಯಚೂರು. ಹೈಬ್ರಿಡ್ ಹತ್ತಿ ಬೀಜ ಬೆಳೆಯುವುದಕ್ಕೆ ಹೆಸರಾದ ನೆಲ ಅದು. ಬೀಜದ ಹತ್ತಿ ಮಾಮೂಲಿ ಹತ್ತಿಯಂತೆ ಬಿತ್ತಿ ಬಿಡುವ ಬೆಳೆಯಲ್ಲ. ಸಂಜೆ ಹೊತ್ತು ಮರುದಿನ ಅರಳಲಿರುವ ಮೊಗ್ಗನ್ನು ಹುಡುಕಿ, ಉಗುರಿನಿಂದ ಸಿಪ್ಪೆ ಬಿಡಿಸಿ, ಒಳಗಿನ ಗಂಡು ಕೇಸರಗಳನ್ನು ಒಂದೂ ಉಳಿಯದಂತೆ ಕೀಳಬೇಕು. ಗುರುತಿಗೆ ಕಾಗದದ ಚೂರೊಂದನ್ನು ಸಿಕ್ಕಿಸಬೇಕು. ಮರುದಿನ ಬೆಳಗ್ಗೆ ಬೇರೆ ಸಾಲಿನ ಗಂಡು ಹೂವು ಕಿತ್ತು ತಂದು ಈ ಹೂವಿನ ಶಲಾಕೆಗೆ ಸವರಬೇಕು. ಬಿಸಿಲೇರುವುದರೊಳಗೆ ಮುಗಿಯಬೇಕು. ಹೀಗೆ ಪ್ರತಿ ಹೂವಿಗೂ, ಪ್ರತಿದಿನವೂ, ತಿಂಗಳುಗಟ್ಟಲೆ. ಈ ಕೆಲಸಕ್ಕೆ ಹುಡುಗಿಯರೇ ಏಕೆಂದರೆ, ಗಿಡದ ಎತ್ತರಕ್ಕೂ ಅವರ ಎತ್ತರಕ್ಕೂ ಸರಿಹೊಂದುತ್ತದೆ, ಅವರ ಬೆರಳು ಸಣ್ಣ ಎಂದು ಸಮಜಾಯಿಷಿ ಕೊಡುತ್ತಿದ್ದರು. ನಿಜವಾದ ಕಾರಣ, ಅವರ ಕೂಲಿ ಕಡಿಮೆ. ಹೊಡೆದ ಕೀಟನಾಶಕ ಆರುವ ಮೊದಲೇ ಅವರು ಸಾಲಿಗೆ ಇಳಿಯುತ್ತಿದ್ದರು.

ಇಲ್ಲಿ ಊರ ಧಣಿಗೆ ಹಾರ ಹಾಕಿದರೆ ಸಾಲುತ್ತಿರಲಿಲ್ಲ. ಧಣಿಯ ಹಿಂದೆ ಬೀಜದ ಏಜೆಂಟು, ಅವನ ಹಿಂದೆ ಕಂಪನಿ, ಕೆಲವು ಕಂಪನಿಗಳ ಹಿಂದೆ ಪರದೇಶದ ಒಡೆಯರು. ರೈತನಿಗೆ ಕಂಪನಿ ಕೊಡುತ್ತಿದ್ದ ದರದಲ್ಲಿ ದೊಡ್ಡವರ ಕೂಲಿ ಗಿಟ್ಟುತ್ತಿರಲಿಲ್ಲ. ಎಂವಿಎಫ್ ಮತ್ತು ಜೊತೆಗಾರರು 2000ದ ದಶಕದಲ್ಲಿ ನೇರವಾಗಿ ಕಂಪನಿಗಳ ಜೊತೆ ಮಾತಿಗೆ ಕೂತದ್ದು ಇದಕ್ಕಾಗಿಯೇ. ಕೊರಳಿಲ್ಲದ ಕಂಪನಿಗೆ ಹಾರ ಎಲ್ಲಿ ಹಾಕುವುದು? ಅಲ್ಲಿ ಕೆಲಸಕ್ಕೆ ಬಂದದ್ದು ನಾಚಿಕೆ. ಹೊರದೇಶದ ಪತ್ರಿಕೆಗಳಲ್ಲಿ ಸುದ್ದಿ ಬಂದ ಮೇಲೆ ಮಾತುಕತೆ ಬಿರುಸಾಯಿತು. ಮರ್ಯಾದೆಯ ನಾಣ್ಯದ ಇನ್ನೊಂದು ಮುಖ ಅದು.

ಹೆಸರು ಹೇಳಬಾರದವರು

ಮಕ್ಕಳಿಗಾಗಿ ದುಡಿದವರನ್ನು ವೇದಿಕೆಗೆ ಕರೆಯುವಾಗ ನಮ್ಮವರು ಮಾಡುವ ಒಂದು ಎಡವಟ್ಟಿದೆ. ಗೌರವ ಪಡೆಯುವವರ ಪಕ್ಕದಲ್ಲಿ ‘ಅವರಿಂದ ಉದ್ಧಾರವಾದ’ ಮಗುವನ್ನೂ ನಿಲ್ಲಿಸುತ್ತಾರೆ. ಹೂಗುಚ್ಛ ಕೊಡಿಸುತ್ತಾರೆ. ಫೋಟೊ ಪತ್ರಿಕೆಗೆ ಬರುತ್ತದೆ. ಬಾಲನ್ಯಾಯ ಕಾಯಿದೆ, 2015ರ 74ನೇ ಕಲಂ ಪ್ರಕಾರ ರಕ್ಷಣೆಯ ಅಗತ್ಯವಿರುವ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ, ಗುರುತು ಸಿಗುವಂಥ ಏನನ್ನೂ ಪ್ರಕಟಿಸುವಂತಿಲ್ಲ. ಮೀರಿದರೆ ಆರು ತಿಂಗಳವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ ಪೋಕ್ಸೊ ಕಾಯಿದೆಯಲ್ಲೂ ಇಂಥದೇ ನಿರ್ಬಂಧ ಇದೆ. ಕಾನೂನು ಬಿಡಿ, ಸುಮ್ಮನೆ ಯೋಚಿಸಿ. ಹದಿನೈದರ ವಯಸ್ಸಿನಲ್ಲಿ ಕಷ್ಟ ಕಂಡ ಹುಡುಗಿ ಇಪ್ಪತ್ತೈದಕ್ಕೆ ಕೆಲಸಕ್ಕೆ ಸೇರುವಾಗ ಆ ಫೋಟೊ ಅವಳ ಬೆನ್ನು ಬಿಡದಿದ್ದರೆ?

ಈ ನಿಯಮ ಪಾಲಿಸಿದರೆ ಮಕ್ಕಳಿಗೆ ಅತಿ ಹತ್ತಿರ ನಿಂತವರಿಗೆ ಸನ್ಮಾನವೇ ಸಿಗದಂತಾಗುತ್ತದೆ. ಪೋಕ್ಸೊ ನಿಯಮಗಳಲ್ಲಿ ಬೆಂಬಲ ವ್ಯಕ್ತಿ ಎಂಬ ಒಂದು ಸ್ಥಾನ ಇದೆ. ಮಕ್ಕಳ ಕಲ್ಯಾಣ ಸಮಿತಿ ನೇಮಿಸುವ ಈ ವ್ಯಕ್ತಿ ಪೊಲೀಸ್ ತನಿಖೆಯಿಂದ ವಿಚಾರಣೆ ಮುಗಿಯುವ ತನಕ ಮಗುವಿನ ಜೊತೆ ಇರಬೇಕು. ಮುಂದಿನ ತಾರೀಕು ಯಾವಾಗ, ವೈದ್ಯಕೀಯ ಪರೀಕ್ಷೆಗೆ ಎಲ್ಲಿ ಹೋಗಬೇಕು, ಪರಿಹಾರದ ಅರ್ಜಿ ಯಾರಿಗೆ ಕೊಡಬೇಕು ಎಂಬುದನ್ನು ಮನೆಯವರಿಗೆ ತಿಳಿಸಬೇಕು. ಈ ನೇಮಕ ಹೆಸರಿಗಷ್ಟೇ ಉಳಿಯಬಾರದೆಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ವಿವರವಾದ ನಿರ್ದೇಶನ ಕೊಟ್ಟಿತು. ಬೆಂಬಲ ವ್ಯಕ್ತಿಗಳು ಯಾವ ಮಗುವಿನ ಜೊತೆ ಇದ್ದರು ಎಂದು ಹೇಳುವಂತೆಯೇ ಇಲ್ಲ. ಹೇಳಿದರೆ ಮಗುವಿನ ಗುರುತೇ ಹೊರಬೀಳಬಹುದು. ಇಂಥವರಿಗೆ ಸಲ್ಲಬೇಕಾದ ಗೌರವ ಹೊತ್ತಿಗೆ ಸರಿಯಾದ ಗೌರವಧನ, ಬಸ್ ಚಾರ್ಜು, ಕೋರ್ಟಿನಲ್ಲಿ ಕೂರಲು ಒಂದು ಕುರ್ಚಿ. ಶಾಲು ಆಮೇಲೆ ನೋಡಿಕೊಳ್ಳೋಣ. ಹೈದರಾಬಾದಿನಲ್ಲಿ ಪೊಲೀಸರು 2016ರಲ್ಲಿ ತೆರೆದ ಭರೋಸಾ ಕೇಂದ್ರ, ಆಮೇಲೆ ಅದರ ಜೊತೆಗೆ ಬಂದ ಮಕ್ಕಳಸ್ನೇಹಿ ನ್ಯಾಯಾಲಯ ಮಕ್ಕಳ, ಅವರ ಜೊತೆಗಿರುವವರ ಕಷ್ಟವನ್ನು ಅಷ್ಟರಮಟ್ಟಿಗೆ ಹಗುರ ಮಾಡಿವೆ.

ಕನ್ನಡಿಗರು ಮಾಡಬಹುದಾದ ಒಂದು ಕೆಲಸವೂ ಇಲ್ಲಿದೆ, ಸುಲಭದ್ದು, ಯಾರೂ ಅಷ್ಟಾಗಿ ಗಮನಿಸದ್ದು. ರೈಲು ನಿಲ್ದಾಣದಲ್ಲಿ ಸಿಕ್ಕ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ಅಧ್ಯಕ್ಷರು, ನಾಲ್ವರು ಸದಸ್ಯರು ಇರುವ, ಮ್ಯಾಜಿಸ್ಟ್ರೇಟರ ಅಧಿಕಾರ ಉಳ್ಳ ಸಮಿತಿ ಅದು. ಹುಡುಗ ಸುರಪುರದ ಕಡೆಯವನಾಗಿದ್ದು, ತೆಲುಗು ಹಿಂದಿ ಎರಡೂ ಬಾರದಿದ್ದರೆ ಊರ ಹೆಸರು, ಅಪ್ಪನ ಹೆಸರು ಏನು ಹೇಳಿದರೂ ಬರೆದುಕೊಳ್ಳುವವರ ಕಿವಿಯಲ್ಲಿ ಬೇರೆಯೇ ಆಗುತ್ತದೆ. ಹೆದರಿದ ಮಗು ಕೊನೆಗೆ ಬಾಯಿ ಬಿಡುವುದನ್ನೇ ನಿಲ್ಲಿಸುತ್ತದೆ. ಇಂಥ ಸಂದರ್ಭಕ್ಕೆಂದೇ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ದುಭಾಷಿಗಳ ಪಟ್ಟಿ ಇಟ್ಟುಕೊಳ್ಳಬೇಕೆಂದು ನಿಯಮ ಇದೆ. ಹೈದರಾಬಾದಿನಲ್ಲಿ ಕನ್ನಡಿಗರೇನು ಕಡಿಮೆಯೇ? ಕಾಚಿಗುಡದಲ್ಲಿ ನೃಪತುಂಗ ಶಾಲೆ ಇದೆ, ಕರ್ನಾಟಕ ಸಾಹಿತ್ಯ ಮಂದಿರ ಇದೆ. ಅಲ್ಲಿಗೆ ಹತ್ತಿರದ ನಿಂಬೋಲಿ ಅಡ್ಡದಲ್ಲೇ ಹೆಣ್ಣುಮಕ್ಕಳ ಸರ್ಕಾರಿ ಬಾಲಮಂದಿರವೂ ಇದೆ. ರಾಜ್ಯೋತ್ಸವದ ದಿನ ವೇದಿಕೆಯಲ್ಲಿ ಹತ್ತು ಜನರನ್ನು ಸನ್ಮಾನಿಸುವ ಸಂಘಗಳು ದುಭಾಷಿ ಪಟ್ಟಿಗೆ ಹತ್ತು ಹೆಸರು ಕೊಟ್ಟರೆ ಅದೂ ಕನ್ನಡದ ಕೆಲಸವೇ. ‘ಎಲ್ಲಿಯವನಪ್ಪಾ ನೀನು, ಊಟ ಆಯ್ತೇನು’ ಎಂದು ತನ್ನ ಮಾತಿನಲ್ಲಿ ಕೇಳಿಸಿಕೊಂಡ ಮಗು ಅರ್ಧ ಮನೆ ಸೇರಿದ ಹಾಗೆಯೇ.

ಹೈದರಾಬಾದಿನ ಈ ಕೆಲಸದಲ್ಲಿ ಕರ್ನಾಟಕದ ನಂಟು ಮೊದಲಿನಿಂದಲೂ ಇದೆ. ‘ಪ್ರಜ್ವಲಾ’ದ ಸುನೀತಾ ಕೃಷ್ಣನ್ ಹುಟ್ಟಿದ್ದು ಬೆಂಗಳೂರಿನಲ್ಲಿ, ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಪಡೆದದ್ದು ಮಂಗಳೂರಿನ ರೋಶನಿ ನಿಲಯದಲ್ಲಿ. 1996ರಲ್ಲಿ ಹೈದರಾಬಾದಿನ ಮೆಹಬೂಬ್ ಕಿ ಮೆಹಂದಿಯಿಂದ ಲೈಂಗಿಕ ಕಾರ್ಯಕರ್ತೆಯರನ್ನು ಎಬ್ಬಿಸಿದಾಗ ಅವರ ಮಕ್ಕಳಿಗಾಗಿ ಶಾಲೆ ಆರಂಭಿಸುವ ಮೂಲಕ ಪ್ರಜ್ವಲಾ ಹುಟ್ಟಿತು. ಜೊತೆಗೆ ನಿಂತವರು ಬ್ರದರ್ ಜೋಸ್ ವೆಟ್ಟಿಕಾಟ್ಟಿಲ್. ಮಾನವ ಸಾಗಣೆಯಿಂದ ಪಾರಾದ ಹೆಣ್ಣುಮಕ್ಕಳಿಗೆ ಇಲ್ಲಿ ಕಲಿಸಿದ್ದು ಹೊಲಿಗೆ, ಉಪ್ಪಿನಕಾಯಿ ಮಾತ್ರವಲ್ಲ. ವೆಲ್ಡಿಂಗ್, ಮರಗೆಲಸ, ಪುಸ್ತಕದ ಬೈಂಡಿಂಗ್ ಕೂಡ. ಸುನೀತಾ ಅವರಿಗೆ 2016ರಲ್ಲಿ ಪದ್ಮಶ್ರೀ ಬಂತು. ಅದಕ್ಕೂ ಮುಂಚೆ ಹಲವು ಸಲ ಹೊಡೆತ ತಿಂದಿದ್ದರು. ಅತ್ತ ಎಂವಿಎಫ್ ಹುಟ್ಟಿದ 1981ರಲ್ಲೇ ಬೆಂಗಳೂರಿನಲ್ಲಿ ಹುಟ್ಟಿದ ಅಪ್ಸಾ ಸಂಸ್ಥೆ ಕೂಡ ಮುಂದೆ ಹೈದರಾಬಾದಿಗೆ ಕೆಲಸ ವಿಸ್ತರಿಸಿತು.

ಹೈದರಾಬಾದಿನವರೇ ಆದ ಪಿ. ಅಚ್ಯುತರಾವ್ ಅವರನ್ನು ಇಲ್ಲಿ ನೆನೆಯಬೇಕು. ಬಾಲಲ ಹಕ್ಕುಲ ಸಂಘದ ಹೆಸರಿನಲ್ಲಿ ಯಾವ ಮಗುವಿಗೆ ಎಲ್ಲಿ ಅನ್ಯಾಯವಾದರೂ ದೂರು ಹಿಡಿದು ಆಯೋಗಗಳ ಬಾಗಿಲು ತಟ್ಟುತ್ತಿದ್ದವರು. ಟಿ.ವಿ.ಯವರಿಗೆ ಅವರ ನಂಬರು ಬಾಯಿಪಾಠ, ಖಾಸಗಿ ಶಾಲೆಗಳ ಮಾಲೀಕರಿಗೆ ಅವರ ಹೆಸರೇ ತಲೆನೋವು. 2020ರ ಜುಲೈನಲ್ಲಿ ಕೋವಿಡ್ ಅವರನ್ನು ತೆಗೆದುಕೊಂಡು ಹೋಯಿತು. ಶ್ರದ್ಧಾಂಜಲಿಗೂ ಗುಂಪು ಸೇರುವಂತಿಲ್ಲದ ದಿನಗಳು ಅವು.

ಮಕ್ಕಳ ಸಹಾಯವಾಣಿ 1098 ಎಂಬ ನಂಬರಿನ ಕಥೆಯೂ ಬೇರೆಯಲ್ಲ. ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಜೆರೂ ಬಿಲಿಮೋರಿಯಾ 1996ರಲ್ಲಿ ಇದನ್ನು ಆರಂಭಿಸಿದರು. ದಸ್ ನೌ ಆಠ್ ಎಂದು ಬೀದಿ ಮಕ್ಕಳ ಬಾಯಲ್ಲಿ ಸಲೀಸಾಗಿ ಉರುಳುವ ನಂಬರು. ಊರೂರಿನ ಸಂಸ್ಥೆಗಳ ಹುಡುಗ ಹುಡುಗಿಯರು ರಾತ್ರಿ ಪಾಳಿಯಲ್ಲಿ ಫೋನ್ ಎತ್ತಿದರು, ಬಸ್ ನಿಲ್ದಾಣಗಳಿಗೆ ಓಡಿದರು. 2023ರಲ್ಲಿ ಸರ್ಕಾರವೇ ಈ ಸೇವೆಯನ್ನು ವಹಿಸಿಕೊಂಡು 112ರ ಜೊತೆ ಜೋಡಿಸಿತು. ಆಗ ಕೆಲಸ ಕಳೆದುಕೊಂಡ ಆ ಹುಡುಗ ಹುಡುಗಿಯರಿಗೆ ಯಾರೂ ಪೇಟ ತೊಡಿಸಿದ್ದನ್ನು ನಾನಂತೂ ಕಾಣೆ.

ಕುಂದಾಪುರದ ಮಕ್ಕಳ ಆಯ್ಕೆ

ಯಾರಿಗೆ ಗೌರವ ಸಲ್ಲಬೇಕು ಎಂಬುದನ್ನು ಮಕ್ಕಳನ್ನೇ ಕೇಳಿದರೆ? ನಮ್ಮಲ್ಲೇ ಕೇಳಿದವರಿದ್ದಾರೆ. ಬೆಂಗಳೂರಿನ ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆ ಮತ್ತು 1990ರಲ್ಲಿ ಹುಟ್ಟಿದ ದುಡಿಯುವ ಮಕ್ಕಳ ಭೀಮ ಸಂಘ ಸೇರಿ ಕುಂದಾಪುರ ಸೀಮೆಯ ಹಳ್ಳಿಗಳಲ್ಲಿ ಮಕ್ಕಳ ಪಂಚಾಯಿತಿ ಕಟ್ಟಿದವು. ಮಳೆಗಾಲದಲ್ಲಿ ಹೊಳೆ ದಾಟಲು ಕಾಲುಸಂಕ ಇಲ್ಲ, ಸೌದೆಗೆ ಅಲೆಯುವುದರಲ್ಲೇ ದಿನ ಹೋಗುತ್ತದೆ, ದಾರಿಯಲ್ಲಿ ಸಾರಾಯಿ ಅಂಗಡಿ ಇದೆ ಎಂದು ಮಕ್ಕಳೇ ಮನೆಮನೆ ತಿರುಗಿ ಪಟ್ಟಿ ಮಾಡಿ ಪಂಚಾಯಿತಿಯ ಮುಂದೆ ಇಟ್ಟರು. ತಮ್ಮ ಕಷ್ಟ ಹೇಳಿಕೊಳ್ಳಲು ಊರಿನ ದೊಡ್ಡವರೊಬ್ಬರನ್ನು ತಾವೇ ಆರಿಸಿ ‘ಮಕ್ಕಳ ಮಿತ್ರ’ ಎಂದು ಕರೆದರು. ಹಿರಿಯರ ಯಾವ ಸಮಿತಿಯೂ ಆರಿಸದ, ಮಕ್ಕಳೇ ಕೊಟ್ಟ ಸ್ಥಾನ ಅದು. ಅದರ ಜೊತೆ ಬಂದದ್ದು ಶಾಲಲ್ಲ, ಕೆಲಸ. ಹೊಡೆದ ಅಪ್ಪನ ಹತ್ತಿರ, ಮದುವೆ ಗೊತ್ತುಮಾಡಿದ ಅಜ್ಜನ ಹತ್ತಿರ ಹೋಗಿ ಮಾತಾಡುವ ಕೆಲಸ. 2006ರಿಂದ ಕರ್ನಾಟಕದಲ್ಲಿ ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ಸರ್ಕಾರಿ ಆದೇಶ ಬಂದದ್ದರ ಹಿಂದೆ ಈ ಅನುಭವದ ಪಾಲೂ ಇದೆ.

ಕುಂದಾಪುರದವರಿಗೂ ಎಂವಿಎಫ್‌ನವರಿಗೂ ಸರಿಬರುತ್ತಿರಲಿಲ್ಲ ಎಂಬುದನ್ನು ಮುಚ್ಚಿಡಬೇಕಿಲ್ಲ. 1996ರಲ್ಲಿ ದುಡಿಯುವ ಮಕ್ಕಳ ಮೊದಲ ಅಂತರರಾಷ್ಟ್ರೀಯ ಸಮಾವೇಶ ನಡೆದದ್ದು ಕುಂದಾಪುರದಲ್ಲೇ. ತಮ್ಮನ್ನು ಹಿಂಡುವುದು ನಿಲ್ಲಲಿ, ಓದಲು ಆಡಲು ಸಮಯ ಸಿಗಲಿ, ಆದರೆ ತಾವು ಮಾಡುವ ಕೆಲಸಕ್ಕೆ ಗೌರವ ಇರಲಿ ಎಂಬುದು ಅಲ್ಲಿ ಸೇರಿದ ಮಕ್ಕಳ ಬೇಡಿಕೆಗಳ ತಾತ್ಪರ್ಯ. ಮಕ್ಕಳ ದುಡಿಮೆಗೆ ಗೌರವ ಎಂಬ ಮಾತನ್ನೇ ಎಂವಿಎಫ್ ಒಪ್ಪುವುದಿಲ್ಲ. ಶಾಲೆಯ ವಿಷಯದಲ್ಲಿ ನನ್ನ ಮತ ಶಾಂತಾ ಸಿನ್ಹಾ ಅವರ ಕಡೆಗೆ. ಹತ್ತಿ ಹೊಲ ಕಂಡವರು ಬೇರೆ ಮಾತಾಡುವುದು ಕಷ್ಟ. ಆದರೆ ಗೌರವಕ್ಕೆ ಯಾರು ಅರ್ಹರು ಎಂದು ತೀರ್ಮಾನಿಸುವ ಹಕ್ಕು ಮಕ್ಕಳದು ಎಂಬಲ್ಲಿ ಕುಂದಾಪುರದವರೇ ಸರಿ. ಸನತ್‌ನಗರದಂಥ ಬಡಾವಣೆಯ ಮಕ್ಕಳನ್ನು ಕೇಳಿ ನೋಡಿ: ಕಷ್ಟ ಬಂದರೆ ಯಾರ ಹತ್ತಿರ ಹೋಗುತ್ತೀರಿ? ಫ್ಲೆಕ್ಸಿನಲ್ಲಿರುವ ಹೆಸರು ಬರುವುದು ಅನುಮಾನ. ಅಂಗನವಾಡಿ ಟೀಚರ್, ಬಿಸಿಯೂಟದ ಅಡುಗೆಯಮ್ಮ, ಸೈಕಲ್ ರಿಪೇರಿಯವನು ಇಂಥ ಹೆಸರುಗಳೇ ಬಂದಾವು.

ಹರೇಕಳ ಹಾಜಬ್ಬನವರು ಅಂಥವರಲ್ಲಿ ಒಬ್ಬರು. ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಾ, ತಾನು ಓದದಿದ್ದರೂ ನ್ಯೂಪಡ್ಪುವಿನಲ್ಲಿ ಶಾಲೆ ತರಿಸಿದವರು. ಪದ್ಮಶ್ರೀಯ ಸುದ್ದಿ ಬಂದಾಗ ರೇಷನ್ ಅಂಗಡಿಯ ಸಾಲಿನಲ್ಲಿದ್ದರು. 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲಿ ಹೋಗಿ ಸ್ವೀಕರಿಸಿದರು. ಬೇರೆ ಪ್ರಶಸ್ತಿಗಳಿಂದ ಬಂದ ಬಹುಮಾನದ ಹಣ ಶಾಲೆಗೆ ಹೋಯಿತು. ಪ್ರಶಸ್ತಿ ಬಂದ ಮೇಲೆ ಕಂಡ ಕಂಡ ಮಂತ್ರಿಗಳ ಹತ್ತಿರ ಅವರು ಕೇಳಿದ್ದು ಒಂದೇ, ನಮ್ಮೂರಿಗೊಂದು ಪಿ.ಯು. ಕಾಲೇಜು. ಪದ್ಮಶ್ರೀಯನ್ನು ಅವರು ಗುರುತಿನ ಚೀಟಿಯ ಹಾಗೆ ಬಳಸಿದರು. ಅದನ್ನು ತೋರಿಸಿದರೆ ವಿಧಾನಸೌಧದ ಬಾಗಿಲು ತೆರೆಯುತ್ತದಲ್ಲ, ಅಷ್ಟಕ್ಕೆ.

ಹಾಜಬ್ಬನವರ ಪಿ.ಯು. ಕಾಲೇಜಿನ ಹಟ ಸುಮ್ಮನೆ ಹುಟ್ಟಿದ್ದಲ್ಲ. ಮಕ್ಕಳನ್ನು ಬಿಡಿಸುವ, ಸೇರಿಸುವ ಉತ್ಸಾಹ ಹದಿನಾಲ್ಕರ ಹೊತ್ತಿಗೆ ತಗ್ಗುತ್ತದೆ, ಹದಿನೆಂಟರ ಹೊತ್ತಿಗೆ ಆರಿಯೇ ಹೋಗುತ್ತದೆ. ಜನವರಿಯಲ್ಲಿ ಆಪರೇಷನ್ ಸ್ಮೈಲ್, ಜುಲೈಯಲ್ಲಿ ಆಪರೇಷನ್ ಮುಸ್ಕಾನ್ ಎಂದು ಪೊಲೀಸರು ವರ್ಷಕ್ಕೆರಡು ಸಲ ಹೊರಡುತ್ತಾರೆ. 2015ರ ಜನವರಿಯಲ್ಲಿ ಹೈದರಾಬಾದಿನ ಹಳೆಯ ನಗರದ ಬಳೆ ತಯಾರಿಸುವ ಕತ್ತಲೆ ಕೋಣೆಗಳಿಂದ ಬಿಹಾರದ ಇನ್ನೂರಕ್ಕೂ ಹೆಚ್ಚು ಹುಡುಗರನ್ನು ಬಿಡಿಸಿದಾಗ ಇಡೀ ದೇಶ ನೋಡಿತು. ಆಗ ಹತ್ತು ಹನ್ನೆರಡು ವರ್ಷದವರಾಗಿದ್ದ ಹುಡುಗರು ಇವತ್ತು ಇಪ್ಪತ್ತು ದಾಟಿದ ಗಂಡಸರು. ಅವರ ಮೇಲೆ ಈಗ ಯಾವ ಕ್ಯಾಮೆರಾವೂ ಇಲ್ಲ.

ಬಾಲಮಂದಿರದಲ್ಲಿ ಬೆಳೆದ ಹುಡುಗ ಹದಿನೆಂಟು ತುಂಬಿದ ದಿನ ಅಲ್ಲಿಂದ ಹೊರಡಬೇಕು. ಕಾನೂನಿನಲ್ಲಿ ಅನುಪಾಲನೆ ಎಂಬ ಏರ್ಪಾಡು ಇದೆ. 21 ವರ್ಷದವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ ನೆರವು ಕೊಡಬಹುದು. ಕೇಂದ್ರದ ಮಿಷನ್ ವಾತ್ಸಲ್ಯದಲ್ಲಿ ಅದಕ್ಕೆ ತಿಂಗಳಿಗೆ 4,000 ರೂಪಾಯಿ ಇಟ್ಟಿದ್ದಾರೆ. ಹಣದ ಮಾತು ಒಂದು ಕಡೆಯಿರಲಿ. ಹುಡುಗನಿಗೆ ಬಾಲಾನಗರದ ಒಂದು ಶೆಡ್ಡಿನಲ್ಲಿ ಲೇತ್ ಮೆಷಿನ್ ಕೆಲಸ ಸಿಕ್ಕಿತು ಎನ್ನಿ. ಸನತ್‌ನಗರದಲ್ಲಿ ಒಂದು ಕೋಣೆ ಬೇಕು. ಮನೆ ಮಾಲೀಕರು ಊರು ಯಾವುದು, ಮನೆಯವರು ಯಾರು ಎಂದು ಕೇಳುತ್ತಾರೆ. ಆಧಾರ್ ಕಾರ್ಡಿನಲ್ಲಿರುವ ವಿಳಾಸ ಬಾಲಮಂದಿರದ್ದು. ಅದನ್ನು ನೋಡಿದ ಕೂಡಲೇ ಕೋಣೆ ಬೇರೆಯವರಿಗೆ ಮಾತಾಗಿದೆ ಎಂಬ ಉತ್ತರ ಬರುತ್ತದೆ. ಶೆಡ್ಡಿನ ಮಾಲೀಕನೂ ಗೊತ್ತಿರುವವರು ಯಾರಾದರೂ ಹೇಳಲಿ ಎನ್ನುತ್ತಾನೆ. ಆಸ್ಪತ್ರೆಗೆ ಸೇರಿಸಿದರೆ ಸಹಿ ಹಾಕಬೇಕಾದವರ ಜಾಗ ಖಾಲಿ.

ಹೆಡ್‌ಮಾಸ್ಟರ ಕೋಣೆಯವರೆಗೂ ಅಪ್ಪನ ಜೊತೆ ನಡೆದ ಎಂವಿಎಫ್‌ನ ಸ್ವಯಂಸೇವಕನಂಥವರು ಇಲ್ಲಿಯೂ ಬೇಕು, ಮನೆ ಮಾಲೀಕರ ಜಗುಲಿಯವರೆಗೆ. ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಅಧ್ಯಕ್ಷರು, ನಿವೃತ್ತ ಮೇಷ್ಟ್ರು, ಯೂನಿಯನ್ ಮುಖಂಡರು, ಗುಡಿ ಮಸೀದಿ ಇಗರ್ಜಿಗಳ ಸಮಿತಿಯವರು ಎಲ್ಲರೂ ಸನ್ಮಾನ ಪಡೆದ ಅನುಭವಸ್ಥರೇ. ಮುಂದಿನ ಸಲ ಇವರಲ್ಲಿ ಯಾರಿಗಾದರೂ ಹಾರ ಹಾಕುವ ಸಂದರ್ಭ ಬಂದರೆ, ಹಾಕುವ ಮೊದಲೇ ಮೈಕಿನಲ್ಲಿ ಕೇಳಿಬಿಡುವುದು ಒಳ್ಳೆಯದು: ಈ ವರ್ಷ ಎಷ್ಟು ಹುಡುಗರ ಬಾಡಿಗೆ ಕರಾರಿಗೆ ಜಾಮೀನು ಸಹಿ ಹಾಕುತ್ತೀರಿ?